ಕೌನ್ಸಿಲರ್ ತಪ್ಪಿ ನಡೆದರೆ: ಇಂಗ್ಲೆಂಡಿನ ದಾರಿ, ನಮ್ಮೂರ ದಾರಿ

ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಕೌನ್ಸಿಲ್ ಎಂದರೆ ತೆರಿಗೆ, ಕಸದ ತೊಟ್ಟಿ, ಮನೆ ಹಿಂದೆ ಕೋಣೆ ಕಟ್ಟಿಸಲು ಬೇಕಾದ ಅನುಮತಿ. ಆ ಅನುಮತಿ ಕೊಡುವ ಸಮಿತಿಯಲ್ಲಿ ಕೂತವರೇ ತಪ್ಪಿ ನಡೆದರೆ ಯಾರಿಗೆ ಹೇಳಬೇಕೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕೌನ್ಸಿಲ್ ಕಾನೂನಿನಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಅದರದೇ ಅಧಿಕಾರಿಯಾದ ಮಾನಿಟರಿಂಗ್ ಆಫೀಸರ್‌ಗೆ ಹೇಳಬೇಕು. ಈ ಹುದ್ದೆ 1989ರ ಕಾನೂನಿನಿಂದ ಬಂದದ್ದು. ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಸದಸ್ಯರ ಮೇಲಿನ ದೂರೂ ಮೇಲಿನ ಕೌನ್ಸಿಲ್ಲಿನ ಈ ಅಧಿಕಾರಿಗೇ ಹೋಗುತ್ತದೆ. ಕೌನ್ಸಿಲರ್‌ಗಳ ನೀತಿಸಂಹಿತೆಯ ಯಾವ ಪ್ಯಾರಾ ಮುರಿದಿದೆ, ಯಾವಾಗ, ಎಲ್ಲಿ, ಯಾರ ಎದುರು ಎಂದು ಬರೆದು, ತಾರೀಖು ಕಾಣುವ ಸ್ಕ್ರೀನ್‌ಶಾಟ್ ಇದ್ದರೆ ಲಗತ್ತಿಸಬೇಕು. ಅಧಿಕಾರಿ ಮೊದಲು ನೋಡುವುದು, ಆ ವ್ಯಕ್ತಿ ಆಗ ಕೌನ್ಸಿಲರ್ ಆಗಿ ನಡೆದುಕೊಂಡರೋ ಅಥವಾ ಖಾಸಗಿಯಾಗಿಯೋ ಎಂಬುದನ್ನು. ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ. ಬೇಲಿ ವಿಚಾರಕ್ಕೆ ಪಕ್ಕದ ಮನೆಯವರನ್ನು ಬೈದದ್ದು ಎಷ್ಟೇ ಕೆಟ್ಟದ್ದಾದರೂ ಸಂಹಿತೆಯ ಒಳಗೆ ಬರುವುದಿಲ್ಲ. ರಸ್ತೆಗುಂಡಿಯ ದೂರಿಗೆ ದಾರಿಯೇ ಬೇರೆ.

ತನಿಖೆ ನಡೆದರೆ, ತೀರ್ಮಾನಕ್ಕೆ ಮೊದಲು 'ಸ್ವತಂತ್ರ ವ್ಯಕ್ತಿ'ಯೊಬ್ಬರ ಅಭಿಪ್ರಾಯ ಕೇಳಲೇಬೇಕು ಎನ್ನುತ್ತದೆ 2011ರ ಲೋಕಲಿಸಂ ಕಾಯ್ದೆ. ಅವರು ಹಿಂದಿನ 5 ವರ್ಷದಲ್ಲಿ ಅದೇ ಕೌನ್ಸಿಲ್ಲಿನ ಸದಸ್ಯರೋ ನೌಕರರೋ ಆಗಿರಬಾರದು, ಅಂಥವರ ನೆಂಟರೋ ಆಪ್ತ ಸ್ನೇಹಿತರೋ ಆಗಿರಬಾರದು.

ನನಗೆ ನಿಜವಾಗಿ ಮೆಚ್ಚುಗೆಯಾಗುವುದು ಹಿತಾಸಕ್ತಿ ಘೋಷಣೆ. ಅಧಿಕಾರ ವಹಿಸಿಕೊಂಡ 28 ದಿನದೊಳಗೆ ಉದ್ಯೋಗ, ಜಮೀನು, ಕೌನ್ಸಿಲ್ ಜತೆಗಿನ ಗುತ್ತಿಗೆಗಳನ್ನು, ಗಂಡ ಅಥವಾ ಹೆಂಡತಿಯವನ್ನೂ ಸೇರಿಸಿ, ನೋಂದಾಯಿಸಬೇಕು. ಆ ಪಟ್ಟಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಸಭೆ ಶುರುವಾಗುತ್ತಿದ್ದಂತೆ, ಇವತ್ತಿನ ವಿಷಯಗಳಲ್ಲಿ ಯಾರದಾದರೂ ಹಿತಾಸಕ್ತಿ ಇದೆಯೇ ಎಂದು ಅಧ್ಯಕ್ಷರು ಕೇಳುತ್ತಾರೆ. 'ಆರನೇ ಅರ್ಜಿಯ ಜಮೀನು ನನ್ನ ಹೆಂಡತಿಯ ಹೆಸರಲ್ಲಿದೆ' ಎಂದು ಹೇಳಿದವರು ಆರನೇ ವಿಷಯ ಬಂದಾಗ ಕಾಗದ ಎತ್ತಿಕೊಂಡು ಹೊರಗೆ ಹೋಗುತ್ತಾರೆ, ಎದ್ದುಹೋದದ್ದು ನಡವಳಿಯಲ್ಲಿ ದಾಖಲಾಗುತ್ತದೆ. ಮುಚ್ಚಿಟ್ಟು ಮತ ಹಾಕಿದರೆ ಅದು ಅಪರಾಧ. ನ್ಯಾಯಾಲಯ ದಂಡದ ಜತೆಗೆ 5 ವರ್ಷದವರೆಗೆ ಅನರ್ಹಗೊಳಿಸಬಹುದು.

ಆದರೆ ಸಿಬ್ಬಂದಿಯನ್ನು ಹೆದರಿಸುವುದು, ಅವಮಾನಿಸುವುದು ಇಂಥವಕ್ಕೆ ಇಂಗ್ಲೆಂಡಿನಲ್ಲಿ ಹಲ್ಲಿಲ್ಲ. ಕೌನ್ಸಿಲರ್‌ಗಳ ನಡತೆಯ ಮೇಲೆ ಕಣ್ಣಿಟ್ಟಿದ್ದ ಸ್ಟ್ಯಾಂಡರ್ಡ್ಸ್ ಬೋರ್ಡ್ ಎಂಬ ಮಂಡಳಿಯನ್ನು 2012ರಲ್ಲಿ ಮುಚ್ಚಿದಾಗ ಅಮಾನತಿನ ಅಧಿಕಾರವೂ ಹೋಯಿತು. ಈಗ ಉಳಿದಿರುವುದು ಖಂಡನೆ, ತರಬೇತಿ, ಸಮಿತಿಯಿಂದ ಕೈಬಿಡುವುದು, ಕ್ಷಮೆ ಕೇಳಿ ಎಂದು ಹೇಳುವುದು. ಕೇಳುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಬೈಸಿಕೊಂಡ ಪ್ಯಾರಿಷ್ ಗುಮಾಸ್ತೆ ಮುಂದಿನ ತಿಂಗಳೂ ಅದೇ ಮೇಜಿಗೆ ಬಂದು ಕೂರಬೇಕು. ಇದು ಅನ್ಯಾಯ. ಭತ್ಯೆ ತಡೆದು 6 ತಿಂಗಳವರೆಗೆ ಅಮಾನತು ಮಾಡುವ ಅಧಿಕಾರ ಕೊಡಿ ಎಂದು ಸಾರ್ವಜನಿಕ ಜೀವನದ ಮಾನದಂಡಗಳ ಸಮಿತಿ 2019ರಲ್ಲೇ ಶಿಫಾರಸು ಮಾಡಿತು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಒಂದು ವರ್ಷದವರೆಗೆ ಅಮಾನತು ಮಾಡಬಹುದು.

ನಮ್ಮ ಕರ್ನಾಟಕದ್ದು ಇದರ ತದ್ವಿರುದ್ಧ. ಹಲ್ಲು ದೊಡ್ಡದೇ ಇದೆ: ದುರ್ನಡತೆ ಸಾಬೀತಾದರೆ ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 43ಎ ಪ್ರಕಾರ ಸರ್ಕಾರ ಸದಸ್ಯರನ್ನೇ ತೆಗೆಯಬಹುದು, ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿದ್ದರೆ ಕಾರ್ಪೊರೇಟರ್ ಸ್ಥಾನ ಹೋಗುತ್ತದೆ. ಲೋಕಾಯುಕ್ತಕ್ಕೆ ಪ್ರಮಾಣಪತ್ರದ ಜತೆ ದೂರು ಕೊಡಬಹುದು. ಆದರೆ ಪೌರಕಾರ್ಮಿಕರ ಮೇಲೆ ಕೂಗಾಡಿದ ಸದಸ್ಯರಿಗೆ ತಕ್ಕಷ್ಟೇ ಶಿಕ್ಷೆ ಕೊಡುವ ಮೆಟ್ಟಿಲು ನಡುವೆ ಇಲ್ಲ. ಸ್ಥಾನವೇ ಹೋಗುತ್ತದೆ ಎಂದಾಗ ಯಾರಾದರೂ ತಡೆಯಾಜ್ಞೆಗೆ ಓಡುತ್ತಾರೆ, ಸಣ್ಣ ತಪ್ಪನ್ನು ಅಧಿಕಾರಿಗಳು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಾರೆ.

ಆ ಮೆಟ್ಟಿಲು ಕಟ್ಟಲು ಕಾಯ್ದೆ ತಿದ್ದಬೇಕು. ಹಿತಾಸಕ್ತಿ ಘೋಷಣೆಗೆ ಅಷ್ಟು ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿ ಸಭೆಯ ಮೊದಲ ವಿಷಯವಾಗಿ ಅಧ್ಯಕ್ಷರು ಒಂದು ಪ್ರಶ್ನೆ ಕೇಳಲಿ: ಇವತ್ತಿನ ಬಿಲ್ಲುಗಳಲ್ಲಿ ಯಾರದಾದರೂ ಭಾವಮೈದುನನ ಜೆಸಿಬಿ ಇದೆಯೇ, ಹಾಕಲಿರುವ ರಸ್ತೆ ಯಾರದಾದರೂ ಲೇಔಟಿಗೆ ಹೋಗುತ್ತದೆಯೇ? ಉತ್ತರವನ್ನು, ಯಾರೂ ಉತ್ತರಿಸಲಿಲ್ಲ ಎಂಬುದನ್ನೂ, ಸದಸ್ಯರ ಹೆಸರು ಸಮೇತ ಪಿಡಿಒ ನಡವಳಿಯಲ್ಲಿ ಬರೆಯಲಿ.