ಒಂದು ವರ್ಷ ಇದ್ಬಿಟ್ರೆ ಇನ್‌ಸ್ಟೇಟ್ ಫೀಸು ಅನ್ನೋರ ಮಾತು ಕೇಳೋ ಮುಂಚೆ

ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಕನ್ನಡದವರ ಮನೆಗಳಲ್ಲಿ ಇದೇ ಮಾತು. ಮಗಳಿಗೆ ಬೇರೆ ಸ್ಟೇಟ್‌ನ ಯೂನಿವರ್ಸಿಟೀಲಿ ಸೀಟ್ ಸಿಕ್ಕಿದೆ, ಮೊದಲನೇ ವರ್ಷ ಹೆಂಗೋ ಕಷ್ಟಪಟ್ಟು ಕಟ್ಬಿಡೋಣ, ಒಂದು ವರ್ಷ ಅಲ್ಲೇ ಇದ್ರೆ ರೆಸಿಡೆಂಟ್ ಆಗ್ತಾಳಲ್ಲ, ಆಮೇಲೆ ಇನ್‌ಸ್ಟೇಟ್ ಫೀಸು, ಅಂದ್ರೆ ಆ ಸ್ಟೇಟ್‌ನವರಿಗೆ ಇರೋ ಕಮ್ಮಿ ಫೀಸು. ಈ ಲೆಕ್ಕ ನಂಬ್ಕೊಂಡು ಡೆಪಾಸಿಟ್ ಕಟ್ಟೋರು ಇನ್ನೂ ಇದಾರೆ. ದಯವಿಟ್ಟು ಬೇಡಿ.

ದುಡ್ಡು ಸಣ್ಣದಲ್ಲ ಅನ್ನೋದಕ್ಕೆ ಹೇಳ್ತಿದೀನಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್‌ನ ಹೊರಗಿನೋರು ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ 34 ಸಾವಿರ ಡಾಲರ್‌ಗೂ ಜಾಸ್ತಿ ಎಕ್ಸ್‌ಟ್ರಾ ಕಟ್ಬೇಕು, ನಾಲ್ಕು ವರ್ಷಕ್ಕೆ ಹಾಕಿ ನೋಡಿ, 1 ಲಕ್ಷ 36 ಸಾವಿರ ದಾಟತ್ತೆ, ಅದೂ ಬರೀ ವ್ಯತ್ಯಾಸ.

ಒಂದು ವರ್ಷದ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಬಹುಪಾಲು ಸ್ಟೇಟ್‌ಗಳಲ್ಲಿ ಕ್ಲಾಸ್ ಶುರುವಾಗೋ ಮುಂಚೆ 12 ತಿಂಗಳು ಅಲ್ಲಿರಬೇಕು ಅಂತ ರೂಲ್ ಇದ್ದೇ ಇದೆ. ಆದ್ರೆ ಯೂನಿವರ್ಸಿಟಿಯವರು ಕೇಳೋದು ಎಷ್ಟು ದಿನ ಇದ್ದೆ ಅಂತ ಮಾತ್ರ ಅಲ್ಲ, ಯಾಕೆ ಬಂದೆ ಅಂತ. ಓದಕ್ಕೆ ಬಂದೆ ಅಂದ್ರೆ ಮುಗೀತು, ಆ ವರ್ಷ ಲೆಕ್ಕಕ್ಕೇ ಬರಲ್ಲ. ವಾಷಿಂಗ್ಟನ್ ಸ್ಟೇಟ್‌ನಲ್ಲಂತೂ ಒಂದು ಕ್ವಾರ್ಟರ್‌ಗೆ (ಅಲ್ಲಿನ ಸೆಮಿಸ್ಟರ್ ಥರದ ಟರ್ಮ್) ಆರು ಕ್ರೆಡಿಟ್‌ಗಿಂತ ಜಾಸ್ತಿ ಕೋರ್ಸ್ ತಗೊಂಡಿದ್ರೆ ನೀನು ಬಂದಿರೋದೇ ಓದಕ್ಕೆ ಅಂತ ಅಂದ್ಕೋತಾರೆ, ಅಲ್ಲ ಅಂತ ಸಾಬೀತು ಮಾಡೋ ಹೊಣೆ ನಿಮ್ಮದು. ನಮ್ಮೂರ ಸಿಇಟಿಯಲ್ಲಿ ಇಂಥ ತಲೆನೋವಿಲ್ಲ, ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನಕ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿದೀಯಾ, ಎಸ್ಸೆಸ್ಸೆಲ್ಸಿನೋ ಪಿಯುಸಿನೋ ಇಲ್ಲೇ ಪಾಸಾಗಿದೀಯಾ, ಸ್ಟಡಿ ಸರ್ಟಿಫಿಕೇಟ್ ತೋರ್ಸು, ಅಷ್ಟೇ. ಅಮೆರಿಕದಲ್ಲಿ ಹಂಗಲ್ಲ, ನಿಮ್ಮ ಮನಸ್ಸಲ್ಲಿ ಏನಿದೆ ಅನ್ನೋದನ್ನ ಕಾಗದದ ಮೇಲೆ ಹುಡುಕ್ತಾರೆ. ಡ್ರೈವಿಂಗ್ ಲೈಸೆನ್ಸ್ ಯಾವ ಸ್ಟೇಟಿಂದು, ಕಾರ್ ಎಲ್ಲಿ ರಿಜಿಸ್ಟರ್ ಆಗಿದೆ, ಸ್ಟೇಟ್ ಟ್ಯಾಕ್ಸ್ ಎಲ್ಲಿ ಕಟ್ಟಿದೀರ, ಬೇಸಿಗೆ ರಜಕ್ಕೆ ಅಪ್ಪ ಅಮ್ಮನ ಮನೆಗೆ ವಾಪಸ್ ಹೋದ್ರಾ, ಎಲ್ಲಾ ನೋಡ್ತಾರೆ.

ಇದೆಲ್ಲಾ ಹೊಂದಿಸ್ಕೊಂಡ್ರೂ ಇನ್ನೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಅಪ್ಪ ಅಮ್ಮ ಬೇರೆ ಸ್ಟೇಟ್‌ನಲ್ಲಿದ್ದು, 24 ವರ್ಷ ಆಗದೇ ಇರೋ ಅಂಡರ್‌ಗ್ರಾಜುಯೇಟ್ (ಡಿಗ್ರಿ ಓದೋರು) ಆಗಿದ್ರೆ, ನನ್ನ ಖರ್ಚು ನಾನೇ ನೋಡ್ಕೋತಿದೀನಿ ಅಂತ ತೋರಿಸ್ಬೇಕು. ಹೊರಗಿನೋರಿಗೆ ಊಟ ರೂಮು ಎಲ್ಲಾ ಸೇರಿ ವರ್ಷಕ್ಕೆ 70 ಸಾವಿರ ಡಾಲರ್ ದಾಟೋ ಕಾಲೇಜಿಗೆ ಹತ್ತೊಂಬತ್ತು ವರ್ಷದ ಹುಡುಗ ಸ್ವಂತ ದುಡಿಮೇಲಿ ಫೀಸ್ ಕಟ್ತಿದಾನಂತೆ, ಯಾರ್ರೀ ನಂಬ್ತಾರೆ? ಅಪ್ಪ ಟ್ಯಾಕ್ಸ್ ರಿಟರ್ನಲ್ಲಿ ಮಗನ್ನ ಡಿಪೆಂಡೆಂಟ್, ಅಂದ್ರೆ ನನ್ನ ಖರ್ಚಲ್ಲಿರೋನು ಅಂತ ತೋರಿಸಿದ್ರಂತೂ ಕಥೆ ಅಲ್ಲಿಗೇ ನಿಂತೋಯ್ತು.

ಕೋರ್ಟಿಗೆ ಹೋಗಿಲ್ವಾ ಅಂದ್ರೆ ಹೋಗಿದಾರೆ. ಅಪ್ಲೈ ಮಾಡೋವಾಗ ಹೊರಗಿನೋರಾಗಿದ್ರೆ ಓದು ಮುಗಿಯೋ ತನಕ ಹೊರಗಿನೋರೇ ಅನ್ನೋ ಥರದ ರೂಲ್ ಕನೆಕ್ಟಿಕಟ್‌ನಲ್ಲಿತ್ತು, 1973ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದಾಕ್ತು, ಸಾಬೀತು ಮಾಡೋಕೆ ಅವಕಾಶನಾದ್ರೂ ಕೊಡ್ಬೇಕು ಅಂತ. ಸರಿ, ಅವಕಾಶ ಕೊಟ್ರು, ಪುರಾವೆ ಮಾತ್ರ ಬೆಟ್ಟದಷ್ಟು ಕೇಳ್ತಾರೆ.

ನಿಜವಾಗಿ ದುಡ್ಡು ಉಳಿಯೋ ದಾರಿ ಬೇರೆ ಕಡೆ ಇದೆ, ಅದರ ಬಗ್ಗೆ ನಮ್ಮವರು ಮಾತಾಡೋದೇ ಕಮ್ಮಿ. ಪಶ್ಚಿಮದ ಸ್ಟೇಟ್‌ಗಳು ಸೇರಿ ಮಾಡ್ಕೊಂಡಿರೋ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಅಂತಿದೆ, ಅದರಲ್ಲಿ ಸಿಕ್ಕಿದ್ರೆ ಇನ್‌ಸ್ಟೇಟ್ ಫೀಸಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಕಟ್ಟೋ ಹಾಗಿಲ್ಲ. ದಕ್ಷಿಣದ ಕಡೆ ಅಕಾಡೆಮಿಕ್ ಕಾಮನ್ ಮಾರ್ಕೆಟ್, ನಿಮ್ಮ ಸ್ಟೇಟ್‌ನಲ್ಲಿ ಇಲ್ಲದಿರೋ ಕೋರ್ಸಿಗೆ ಪಕ್ಕದ ಸ್ಟೇಟ್‌ನಲ್ಲಿ ಅಲ್ಲಿಯವರ ಫೀಸು. ಮಿನೆಸೋಟ ವಿಸ್ಕಾನ್ಸಿನ್ ಮಧ್ಯೆ ಅವರದ್ದೇ ಒಪ್ಪಂದ ಇದೆ. ಇನ್ನು ಟೆಕ್ಸಾಸ್, ಬೆಂಗಳೂರಿಂದ ಎಂಎಸ್ ಮಾಡಕ್ಕೆ ಹೋಗೋ ಹುಡುಗರು ಇದನ್ನ ಬಾಯಿಪಾಠ ಮಾಡ್ಕೊಂಡಿರ್ತಾರೆ: ಅಲ್ಲಿನ ಪಬ್ಲಿಕ್ ಯೂನಿವರ್ಸಿಟೀಲಿ ಸ್ಪರ್ಧೆಯಿಂದ ಸಿಗೋ ಸ್ಕಾಲರ್‌ಶಿಪ್, ಕನಿಷ್ಠ 1,000 ಡಾಲರ್‌ದು ಸಿಕ್ಕಿದ್ರೆ ಹೊರಗಿನ ಫೀಸು ಮನ್ನಾ ಆಗಬಹುದು, ವಿದೇಶಿ ವಿದ್ಯಾರ್ಥಿಗೂನೂ. ಸಾವಿರಕ್ಕಿಂತ ಅದರ ಹಿಂದೆ ಬರೋದೇ ದೊಡ್ಡದು.

ಎಫ್-1 ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಬಂದೋರಿಗೆ ಇಂಥ ಮನ್ನಾ ಬಿಟ್ರೆ ಸಾಮಾನ್ಯವಾಗಿ ಬೇರೆ ದಾರಿ ಇಲ್ಲ, ಯಾಕಂದ್ರೆ ಆ ವೀಸಾ ಕೊಡೋದೇ ನನ್ನ ಮನೆ ನನ್ನ ದೇಶದಲ್ಲಿದೆ, ಅದನ್ನ ಬಿಡಲ್ಲ ಅಂತ ಒಪ್ಕೊಂಡ ಮೇಲೆ. ವೀಸಾ ತಗೊಳ್ಳೋವಾಗ ಹಂಗಂದು, ಫೀಸ್ ಕಟ್ಟೋವಾಗ ಟೆಕ್ಸಾಸೇ ನನ್ನ ಮನೆ ಅನ್ನಕ್ಕಾಗಲ್ಲ. ಇದು ನನಗೆ ನ್ಯಾಯವಾಗೇ ಕಾಣತ್ತೆ, ಸ್ಟೇಟ್ ಟ್ಯಾಕ್ಸ್ ಕಟ್ಟಿದೋರ ಮಕ್ಕಳಿಗೆ ಕಮ್ಮಿ ಫೀಸು ಅನ್ನೋದ್ರಲ್ಲೂ ತಪ್ಪಿಲ್ಲ.

ಆದ್ರೆ ಎಚ್-4, ಅಂದ್ರೆ ಎಚ್-1ಬಿ ಕೆಲಸದ ವೀಸಾದಲ್ಲಿರೋರ ಜೊತೆ ಬಂದ ಮಕ್ಕಳ ವಿಷ್ಯ ಬಂದಾಗ ಹೊಟ್ಟೆ ಉರಿಯತ್ತೆ. ಅಪ್ಪನೋ ಅಮ್ಮನೋ ಎಚ್-1ಬಿ, ಮಗು ಮೂರು ವರ್ಷದ್ದಿರೋವಾಗ ಬಂದಿದೆ, ಒಂದೇ ಊರಲ್ಲಿ ಕಿಂಡರ್‌ಗಾರ್ಟನ್ ಇಂದ ಹೈಸ್ಕೂಲ್ ತನಕ, ಮನೆ ಲೋನು, ಪ್ರಾಪರ್ಟಿ ಟ್ಯಾಕ್ಸು ಎಲ್ಲಾ ಅಲ್ಲೇ. ಕಾಲೇಜಿಗೆ ಸೇರೋವಾಗ ಎಷ್ಟೋ ಸ್ಟೇಟ್‌ಗಳು ಇನ್‌ಸ್ಟೇಟ್ ಫೀಸೇ ಹಾಕ್ತಾವೆ. ಆದ್ರೆ 21 ವರ್ಷ ತುಂಬಿದ ತಕ್ಷಣ ಎಚ್-4 ಹೋಗತ್ತೆ, ಗ್ರೀನ್ ಕಾರ್ಡ್ ಲೈನ್ ಭಾರತದವರಿಗೆ ಹತ್ತು ವರ್ಷಕ್ಕೂ ಉದ್ದ, ಅದು ಬಂದಿರಲ್ಲ, ಆ ಮಗು ಎಫ್-1ಗೆ ಬದಲಾಗ್ಬೇಕು, ಆಗ ಎಷ್ಟೋ ಕಡೆ ಅದೇ ಕಾಲೇಜು ಅದೇ ಹಾಸ್ಟೆಲ್ಲು, ಫೀಸು ಮಾತ್ರ ವಿದೇಶಿ ವಿದ್ಯಾರ್ಥಿಯದು. ಟ್ಯಾಕ್ಸ್ ಕಟ್ಟಿದೋರ ಮಕ್ಕಳಿಗೆ ಅನ್ನೋ ವಾದ ಇಲ್ಲಿ ಎಲ್ಲಿ ಹೋಯ್ತು? ಇದೇ ಸುಪ್ರೀಂ ಕೋರ್ಟ್ 1982ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿ ಕೇಸಲ್ಲಿ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಕೆಲಸ ಮಾಡೋರ ಜಿ-4 ವೀಸಾ ಮಕ್ಕಳಿಗೆ ಇನ್‌ಸ್ಟೇಟ್ ಫೀಸು ಇಲ್ಲ ಅನ್ನೋ ಹಾಗಿಲ್ಲ ಅಂತ ಹೇಳಿದೆ. ಆ ಮಕ್ಕಳಿಗೆ ಸಿಕ್ಕಿದ್ದು ಇವರಿಗೆ ತಪ್ಪತ್ತಿರೋದು ಬರೀ ವೀಸಾದ ಅಕ್ಷರದ ಮೇಲೆ.

ಹಾಗಾಗಿ ಎಚ್-4 ಮಕ್ಕಳಿರೋರು ಕಾಲೇಜ್ ಆರಿಸೋವಾಗಲೇ ಯಾರು ಇನ್‌ಸ್ಟೇಟ್ ಅಂತ ತೀರ್ಮಾನ ಮಾಡೋ ಅಲ್ಲಿನ ರೆಸಿಡೆನ್ಸಿ ಆಫೀಸಿಗೆ ಮೇಲ್ ಹಾಕಿ, ಮಧ್ಯದಲ್ಲಿ ಎಫ್-1 ಆದ್ರೆ ಫೀಸ್ ಬದಲಾಗತ್ತಾ ಅಂತ ನೇರವಾಗಿ ಕೇಳಿ, ಫೋನಲ್ಲಿ ಬೇಡ, ಉತ್ತರ ಬರಹದಲ್ಲಿ ತಗೊಂಡು ಜೋಪಾನವಾಗಿ ಇಟ್ಕೊಳ್ಳಿ. ಯಾವ ಕಾಲೇಜಲ್ಲಿ ಏನು ಹೇಳಿದ್ರು ಅಂತ ಕೆಳಗೆ ಹಾಕಿದ್ರೆ ಬೇರೆಯವರಿಗೂ ಉಪಯೋಗ ಆಗತ್ತೆ.