ಸಿಕ್ಕ ವಸ್ತು ಹುಂಡಿಗಲ್ಲ, ಕಳಕೊಂಡವರಿಗೆ

ಮೊನ್ನೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಬರೆದಿದ್ದರು. ಮಾರ್ಕೆಟ್ಟಿನಲ್ಲಿ ಐನೂರರ ನಾಲ್ಕು ನೋಟು, ಮಡಚಿಟ್ಟದ್ದು, ಸಿಕ್ಕಿತಂತೆ. "ಪರರ ದುಡ್ಡು ನಮಗ್ಯಾಕೆ" ಅಂತ ಸೀದಾ ದೇವಸ್ಥಾನಕ್ಕೆ ಹೋಗಿ ಹುಂಡಿಗೆ ಹಾಕಿ ಬಂದರಂತೆ. ಕೆಳಗೆ ಸಾಲುಸಾಲು ಕೈಮುಗಿಯುವ ಇಮೋಜಿ. ಅವರು ಒಳ್ಳೆಯವರೇ, ದುಡ್ಡಿಗೆ ಆಸೆಪಟ್ಟವರಲ್ಲ. ಆದರೂ ನನಗೆ ಕೈಮುಗಿಯಲಾಗಲಿಲ್ಲ. ನಮ್ಮಪ್ಪನೂ ಹೀಗೇ ಮಾಡಿದ್ದರು.

ಆಗ ನಾನು ಆರನೇ ಕ್ಲಾಸು. ಊರ ತೇರಿನ ಮಾರನೇ ದಿನ ಬೆಳಿಗ್ಗೆ, ತೇರೆಳೆದ ದಾರಿಯಲ್ಲಿ ತುಳಿದ ಬಾಳೆಹಣ್ಣು, ದವನದ ನಡುವೆ ಅಪ್ಪನಿಗೆ ಒಂಟಿ ಬೆಂಡೋಲೆ ಸಿಕ್ಕಿತು. ತಿರುಪು ಇರಲಿಲ್ಲ. ಕೆಂಪು ಹರಳೊಂದು ಉದುರಿ, ಆ ಜಾಗಕ್ಕೆ ಮೇಣ ತುಂಬಿತ್ತು. ಅಪ್ಪ ಅದನ್ನು ಪಂಚೆಯ ತುದಿಯಿಂದ ಒರೆಸಿ, ಕಣ್ಣಿಗೊತ್ತಿಕೊಂಡು, "ಅಮ್ಮನವರ ಪಾಲಿಂದು, ಅಮ್ಮನವರಿಗೇ ಸೇರಲಿ" ಅಂತ ಹುಂಡಿಯೊಳಗೆ ಬಿಟ್ಟರು. ಮೂರನೇ ದಿನ ಪಕ್ಕದೂರಿನ ಹೆಂಗಸೊಬ್ಬರು ಮನೆಮನೆ ಕೇಳಿಕೊಂಡು ಬಂದರು. ಇನ್ನೊಂದು ಕಿವಿಯ ಓಲೆ ಸೆರಗಿನ ಗಂಟಿನಲ್ಲಿತ್ತು. ತಂಗಿಯ ಓಲೆಯಂತೆ, ಜಾತ್ರೆಗೆ ಅಂತ ಕೇಳಿ ಹಾಕಿಕೊಂಡಿದ್ದು. ಅಪ್ಪ ಅವರನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋದರು. ಹುಂಡಿಗೆ ಬಿದ್ದದ್ದು ದೇವರದ್ದಾಯಿತು, ತೆಗೆಯಲು ಬರುವುದಿಲ್ಲ ಅಂದರು ಅಲ್ಲಿನವರು. ಆ ತಾಯಿ ಅಪ್ಪನನ್ನು ಬೈಯಲಿಲ್ಲ. "ನೀವೇನು ಮಾಡ್ತೀರಿ ಅಣ್ಣ, ನನ್ನ ಹಣೆಬರಹ" ಅಂದು ಹೊರಟುಹೋದರು. ಆಮೇಲೆ ಅಪ್ಪ ಆ ಹುಂಡಿಗೆ ಒಂದು ಪೈಸೆ ಹಾಕಿದ್ದನ್ನು ನಾನು ನೋಡಲಿಲ್ಲ.

ಧರ್ಮ ಅಂದುಕೊಂಡೇ ಅಪ್ಪ ಮಾಡಿದ್ದು. ಹಾಗಾದರೆ ಧರ್ಮ ಏನು ಹೇಳುತ್ತದೆ ಅಂತ ದೊಡ್ಡವನಾದ ಮೇಲೆ ಓದುತ್ತಾ ಹೋದೆ. ಜೈನ ಗುರು ಸಮಂತಭದ್ರಾಚಾರ್ಯರ 'ರತ್ನಕರಂಡ ಶ್ರಾವಕಾಚಾರ'ದಲ್ಲಿ ಅಚೌರ್ಯದ ಅಣುವ್ರತ, ಅಂದರೆ ಕದಿಯಬಾರದೆಂಬ ಗೃಹಸ್ಥರ ವ್ರತ, ಬರುತ್ತದೆ. ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಒಡೆಯ ಕೊಡದ ವಸ್ತುವನ್ನು ತಾನೂ ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೂ ಕೊಡಬಾರದು. ಇನ್ನೊಬ್ಬರಿಗೂ ಕೊಡಬಾರದು! ಆ ಮಾತು ಓದಿ ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಕೂತಿದ್ದೆ. ನನ್ನದಲ್ಲದ್ದನ್ನು ದಾನ ಮಾಡಲು ನಾನ್ಯಾರು? ದೇವರಿಗೆ ಕೊಟ್ಟರೂ ಅದು ಕಂಡವರ ಕಾಣಿಕೆಯೇ ತಾನೆ?

ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕ, ಬಟ್ಟೆಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತುವುದಿಲ್ಲ ಎಂದು ಆಣೆಯಿಟ್ಟಳು. (ಬಟ್ಟೆ ಅಂದರೆ ಇಲ್ಲಿ ದಾರಿ.) ಆಸೆಗೆ ಅದಕ್ಕಿಂತ ದೊಡ್ಡ ಕಡಿವಾಣ ಇಲ್ಲ, ಆ ವಚನಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಾವು ಅದನ್ನೇ ನೆಪ ಮಾಡಿಕೊಂಡು 'ಊರ ಉಸಾಬರಿ ನಮಗ್ಯಾಕೆ' ಅಂತ ದಾಟಿ ಹೋದರೆ, ಹಿಂದೆ ಬರುವವನು ಸತ್ಯಕ್ಕನೇ ಆಗಿರುತ್ತಾನಾ?

ಯಹೂದಿಗಳ ಧರ್ಮಶಾಸ್ತ್ರ ಈ ವಿಷಯದಲ್ಲಿ ಬಹಳ ಖಡಕ್ಕು. ದಾರಿ ತಪ್ಪಿದ ಎತ್ತೋ ಕುರಿಯೋ ಕಂಡರೆ ಕಾಣದವನಂತೆ ಹೋಗಕೂಡದು, ಒಡೆಯ ಯಾರೆಂದು ಗೊತ್ತಿಲ್ಲದಿದ್ದರೆ ಮನೆಗೆ ತಂದು ಅವನು ಹುಡುಕಿಕೊಂಡು ಬರುವ ತನಕ ಇಟ್ಟುಕೊಳ್ಳಬೇಕು, ಬಟ್ಟೆಬರೆಗೂ ಇದೇ ನಿಯಮ ಎನ್ನುತ್ತದೆ ಅವರ ಪವಿತ್ರಗ್ರಂಥದ ಧರ್ಮೋಪದೇಶಕಾಂಡ. ಅದೇ ಗ್ರಂಥದ ವಿಮೋಚನಕಾಂಡದಲ್ಲಿ ಅದು ಹಗೆಯವನ ಎತ್ತಾದರೂ ಹೊಡೆದುಕೊಂಡು ಹೋಗಿ ಒಪ್ಪಿಸು ಎಂದಿದೆ. ಅವರ ಹಳೆಯ ಗುರುಗಳ ನಿಯಮಗಳ ಸಂಗ್ರಹವಾದ ಮಿಶ್ನಾ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ. ಚೆಲ್ಲಾಪಿಲ್ಲಿ ಬಿದ್ದ ನಾಣ್ಯಕ್ಕೆ ಗುರುತಿಲ್ಲ, ಸಿಕ್ಕವನು ಇಟ್ಟುಕೊಳ್ಳಬಹುದು. ಒಂದರ ಮೇಲೊಂದು ಪೇರಿಸಿಟ್ಟ ಮೂರು ನಾಣ್ಯವಾದರೆ ಸಿಕ್ಕಿದೆ ಅಂತ ಸಾರಲೇಬೇಕು. ಮಡಚಿಟ್ಟ ನಾಲ್ಕು ನೋಟಿನ ಲೆಕ್ಕವೂ ಅದೇ ಅಲ್ಲವೇ! ಎಷ್ಟು ನೋಟು, ಹೇಗೆ ಮಡಚಿದ್ದು ಅಂತ ಕಳಕೊಂಡವರು ಹೇಳಬಲ್ಲರು. ಸಿಕ್ಕ ಬಟ್ಟೆಯನ್ನು ಹುಳ ತಿನ್ನದ ಹಾಗೆ 30 ದಿನಕ್ಕೊಮ್ಮೆ ಕೊಡವಿ ಇಡಬೇಕು ಅಂತಲೂ ಇದೆ. ಯಾರದ್ದೋ ಸೀರೆಯನ್ನು ತಿಂಗಳಿಗೊಮ್ಮೆ ಕೊಡವುವ ಆ ಶ್ರದ್ಧೆ ನನಗೆ ಪೂಜೆಯ ಹಾಗೇ ಕಾಣುತ್ತದೆ.

ಪ್ರವಾದಿ ಮುಹಮ್ಮದರನ್ನು ಬಿದ್ದು ಸಿಕ್ಕ ವಸ್ತುವಿನ ಬಗ್ಗೆ ಕೇಳಿದವನಿಗೆ ಸಿಕ್ಕ ಉತ್ತರ: ಚೀಲ ಯಾವುದು, ಅದನ್ನು ಕಟ್ಟಿದ ದಾರ ಎಂಥದ್ದು ಅಂತ ಗುರುತಿಟ್ಟುಕೋ, ಒಂದು ವರ್ಷ ಸಾರು. ಆಮೇಲೆ ಬಳಸಿದರೂ ಒಡೆಯ ಬಂದ ದಿನ ಕೊಡಬೇಕು.

ನಾವು ಫೋನಿದ್ದೂ ಒಂದು ದಿನ ಸಾರುವುದಿಲ್ಲ. ಸಾರಿದರೂ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಹಾಕಿಬಿಡುತ್ತೇವೆ, ಯಾರು ಬೇಕಾದರೂ ನಂದು ಅನ್ನಬಹುದು. ದಯವಿಟ್ಟು ಒಂದು ಗುರುತನ್ನಾದರೂ ನಿಮ್ಮಲ್ಲೇ ಇಟ್ಟುಕೊಳ್ಳಿ. ಸಿಕ್ಕಿದ ಜಾಗದ ಅಂಗಡಿಯವರಿಗೆ ನಂಬರ್ ಕೊಡಿ, ಸ್ಟೇಷನ್ನಿಗೆ ತಿಳಿಸಿ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಎಂಟು ತಿಂಗಳ ಹಿಂದೆ ಮಗುವಿನ ಬೆಳ್ಳಿ ಕಾಲ್ಗೆಜ್ಜೆ ಒಂದು ನನಗೆ ಸಿಕ್ಕಿದೆ. ಕಪ್ಪಾಗದ ಹಾಗೆ ತಿಂಗಳಿಗೊಮ್ಮೆ ವಿಭೂತಿ ಹಾಕಿ ಉಜ್ಜಿ ಇಡುತ್ತಿದ್ದೇನೆ. ಅದರ ಕೊಂಡಿಯ ಹತ್ತಿರ ಒಂದು ಗುರುತಿದೆ. ಏನು ಅಂತ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮನೆಯ ಮಗುವಿನದ್ದಾಗಿದ್ದರೆ ಆ ಗುರುತು ಹೇಳಿ, ನಾನೇ ತಂದುಕೊಡುತ್ತೇನೆ.