ಹೊಸ ಹೈಸ್ಕೂಲು ಎಲ್ಲಿ: ಊರಾಚೆಯ ಗೋಮಾಳದಲ್ಲೋ, ಬಸ್‌ಸ್ಟ್ಯಾಂಡಿನ ಹತ್ತಿರವೋ?

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಂಥ ತಾಲ್ಲೂಕು ಪಟ್ಟಣದಲ್ಲಿ ಸರ್ಕಾರಿ ಹೈಸ್ಕೂಲು ಬರೀ ಪಟ್ಟಣದ ಮಕ್ಕಳದ್ದಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಏಳನೆಯದೋ ಎಂಟನೆಯದೋ ಮುಗಿಸಿದ ಮಕ್ಕಳೂ ಅಲ್ಲಿಗೇ ಬರುತ್ತಾರೆ. ಮೂವರ ಬೆಂಚಿನಲ್ಲಿ ಐವರು ಕೂರುವ ಹೊತ್ತಿಗೆ ಇನ್ನೊಂದು ಹೈಸ್ಕೂಲು ಬೇಕು ಅನ್ನುವುದಕ್ಕೆ ಯಾರ ತಕರಾರೂ ಇರುವುದಿಲ್ಲ. ತಕರಾರೆಲ್ಲ ಜಾಗದ್ದು. ಊರಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ, ಗೋಮಾಳದಲ್ಲಿ ಕಟ್ಟಬೇಕೇ? ಎರಡೂ ಕಡೆಯ ಮಾತನ್ನು ಕೆಳಗೆ ಬರೆದಿದ್ದೇನೆ. ಮೊದಲನೆಯದನ್ನು ನಾನೇ ಬಹಳ ದಿನ ನಂಬಿದ್ದೆ.

ಪರ: ನೆಲ ಇರುವಲ್ಲಿಗೆ ಹೋಗೋಣ

ಶಾಲೆಗೆ ಮೊದಲು ಬೇಕಾದದ್ದು ನೆಲ. ಪ್ರಾರ್ಥನೆಗೆ ಮಕ್ಕಳೆಲ್ಲ ಒಟ್ಟಿಗೆ ನಿಲ್ಲಬೇಕು. ಖೋ ಖೋ ಅಂಕಣ ಬೇಕು, ಕಬಡ್ಡಿಗೆ ಜಾಗ ಬೇಕು. ಬಿಸಿಯೂಟದ ಅಡುಗೆಮನೆ, ವಿಜ್ಞಾನದ ಲ್ಯಾಬು, ಹೆಣ್ಣುಮಕ್ಕಳಿಗೆ ಸಾಕಷ್ಟು ಶೌಚಾಲಯ ಬೇಕು. ಪಟ್ಟಣದ ನಡುವೆ ಇಷ್ಟಕ್ಕೆಲ್ಲ ಜಾಗ ಎಲ್ಲಿದೆ? ಇರುವ ಮೈದಾನದಲ್ಲೇ ಹೊಸ ಕಟ್ಟಡ ಎಬ್ಬಿಸಿದರೆ ಕೊಠಡಿ ಸಿಗುತ್ತದೆ, ಆಟ ಹೋಗುತ್ತದೆ. ಹದಿನಾಲ್ಕು ವರ್ಷದ ಹುಡುಗನಿಗೆ ಓಡಲು ಜಾಗವಿಲ್ಲದ ಶಾಲೆ ಎಂಥ ಶಾಲೆ?

ದುಡ್ಡಿನ ಲೆಕ್ಕವೂ ಇದೆ. ಊರೊಳಗೆ ಸೈಟಿನ ರೇಟು ಕೈಗೆಟುಕುವುದಿಲ್ಲ. ಯಾರೋ ದಾನ ಕೊಟ್ಟರೂ ಅಣ್ಣತಮ್ಮಂದಿರ ಪಾಲಿನ ಕೇಸು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ಗೋಮಾಳ ಸರ್ಕಾರದ್ದೇ. ತಹಸೀಲ್ದಾರರು ಅಳೆಸಿ, ಜಿಲ್ಲಾಧಿಕಾರಿ ಮಂಜೂರು ಮಾಡಿದರೆ ನೆಲಕ್ಕೆ ಹಾಕುವ ದುಡ್ಡೆಲ್ಲ ಗೋಡೆಗೆ, ಬೆಂಚಿಗೆ ಹೋಗುತ್ತದೆ.

ಊರೂ ಸುಮ್ನೆ ನಿಂತಿಲ್ಲ. ಲೇಔಟುಗಳು ನಾಲ್ಕೂ ದಿಕ್ಕಿಗೆ ಹರಡುತ್ತಿವೆ. ಇವತ್ತು ಊರಾಚೆ ಅನ್ನುವ ಜಾಗ ಇನ್ನು ಹತ್ತು ವರ್ಷಕ್ಕೆ ಊರೇ ಆಗಿರುತ್ತದೆ. ಆಗ ಹತ್ತು ಎಕರೆ ಹುಡುಕಿದರೆ ಸಿಗುವುದೇ ಇಲ್ಲ. ಮುಂದೆ ಅದೇ ಆವರಣದಲ್ಲಿ ಪಿಯು ಕಾಲೇಜು ಮಾಡಬಹುದು. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೂ ಇಂಥ ವಿಶಾಲ ಜಾಗವೇ ಬೇಕು.

ದೂರ ಆಯಿತು ಅನ್ನುವವರಿಗೆ ನನ್ನ ಉತ್ತರ ಹೀಗಿತ್ತು. ಇದೇ ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡು ಹೋದರು. ಅವರ ನೆಲದ ಮಕ್ಕಳಿಗೆ ಮೂರು ಕಿಲೋಮೀಟರ್ ದೂರವೇ? ಈಗ ಬಸ್ಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ.

ವಿರೋಧ: ಹಳ್ಳಿ ಮಕ್ಕಳಿಗೆ ಬಸ್‌ಸ್ಟ್ಯಾಂಡೇ ಶಾಲೆಯ ಗೇಟು

ನರಸಿಂಹಯ್ಯನವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಮನಸ್ಸು ತಿರುಗಿದ್ದು ಅಲ್ಲೇ. ಅವರು ಅಷ್ಟು ದೂರ ನಡೆದದ್ದು ಹತ್ತಿರದಲ್ಲಿ ಓದು ಮುಂದುವರಿಸುವ ದಾರಿ ಇಲ್ಲದ್ದರಿಂದ. ಅವರು ನಡೆದರು, ನಮಗೆ ಗೊತ್ತಾಯಿತು. ನಡೆಯಲಾಗದೆ ಮನೆಯಲ್ಲೇ ಉಳಿದ ಅವರ ವಾರಗೆಯ ಮಕ್ಕಳ ಹೆಸರು ಯಾರಿಗೆ ಗೊತ್ತು? ದೊಡ್ಡವರಾದ ಮೇಲೆ ಅವರೇ ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಕಾಲೇಜು ತಂದರು. ತಾವು ನಡೆದಂತೆ ಮಿಕ್ಕವರೂ ನಡೆಯಲಿ ಅಂತ ಬಿಡಲಿಲ್ಲ.

ಈಗ ಬಸ್ಸಿನ ವಿಷಯ. ಜಾಗ ನೋಡುವಾಗ ಹೆಚ್ಚಿನವರು ಮರೆಯುವುದು ಇದನ್ನೇ. ಮಂಚೇನಹಳ್ಳಿ ಕಡೆಯ ಮಗು ಚಿಕ್ಕಬಳ್ಳಾಪುರ ರಸ್ತೆಯಿಂದ ಬರುತ್ತದೆ. ತೊಂಡೇಭಾವಿಯದ್ದು ಬೆಂಗಳೂರು ಕಡೆಯಿಂದ, ವಿದುರಾಶ್ವತ್ಥದ್ದು ಹಿಂದೂಪುರ ಕಡೆಯಿಂದ. ನಗರಗೆರೆಯದ್ದು ಬೇರೆಯೇ ದಾರಿ. ಎಲ್ಲ ದಾರಿಯೂ ಬಂದು ಸೇರುವುದು ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ಗೋಮಾಳ ಇರುವುದು ಇವುಗಳಲ್ಲಿ ಯಾವುದೋ ಒಂದು ರಸ್ತೆಯಲ್ಲಿ. ಆ ಒಂದು ರಸ್ತೆಯ ಮಕ್ಕಳಿಗೆ ಅನುಕೂಲ, ನಿಜ. ಮಿಕ್ಕವರೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಹೋಗುವಾಗ ಎರಡು, ಬರುವಾಗ ಎರಡು. ನಕ್ಷೆಯಲ್ಲಿ ಮೂರು ಕಿಲೋಮೀಟರ್, ಮಗುವಿನ ದಿನದಲ್ಲಿ ಎರಡು ಗಂಟೆ.

ಶಕ್ತಿ ಯೋಜನೆ ಟಿಕೆಟ್ಟನ್ನು ತೆಗೆಯಿತು, ಕಾಯುವುದನ್ನು ತೆಗೆಯಲಿಲ್ಲ. ಎಕ್ಸ್‌ಪ್ರೆಸ್ ಬಸ್ಸುಗಳು ಗೋಮಾಳದ ಎದುರು ನಿಲ್ಲುವುದಿಲ್ಲ. ಹುಡುಗರಿಗಂತೂ ಪಾಸಿನ ದುಡ್ಡು ಕಟ್ಟಲೇಬೇಕು. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಇದಕ್ಕೆಲ್ಲ ಒಳ್ಳೆಯ ಉತ್ತರವಾಗಿತ್ತು. ಅದು ಕೊರೊನಾ ಕಾಲದಲ್ಲಿ ನಿಂತಿತು. ಯೋಜನೆ ಬರುತ್ತದೆ, ಹೋಗುತ್ತದೆ. ಕಟ್ಟಡ ಐವತ್ತು ವರ್ಷ ಅಲ್ಲೇ ಇರುತ್ತದೆ.

ನನಗೆ ಜಾಸ್ತಿ ಸಂಕಟ ತರುವುದು ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಹುಡುಗಿಯರ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ. ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುತ್ತವೆ ಅದರ ನಿಯಮಗಳು. ಎಂಟು ಮುಗಿಯಿತೋ, ಕಾಯ್ದೆಯ ಕೈ ಬಿಟ್ಟಿತು. ಹೈಸ್ಕೂಲಿಗೆ ಐದು ಕಿಲೋಮೀಟರ್ ಅಂತ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಗುರಿ ಇಟ್ಟಿತ್ತು, ಆದರೆ ಅದು ಹಕ್ಕಲ್ಲ. ಓದು ಬಿಡಿಸುವ ಮಾತು ಮನೆಯಲ್ಲಿ ಬರುವುದೂ ಸರಿಯಾಗಿ ಈ ವಯಸ್ಸಿನಲ್ಲೇ. ಡಿಸೆಂಬರ್ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಸ್ಪೆಷಲ್ ಕ್ಲಾಸು. ಆರು ಗಂಟೆಗೆ ಕತ್ತಲು. ಊರಾಚೆಯ ರಸ್ತೆ, ದೀಪವಿಲ್ಲ, ಅಂಗಡಿಯಿಲ್ಲ. ಬಸ್ಸು ತಡವಾಯಿತು ಅಂದ ಮಗಳನ್ನು ಅಪ್ಪ ಎರಡು ದಿನ ಬೈಕಿನಲ್ಲಿ ಹೋಗಿ ಕರೆತಂದಾನು. ಮೂರನೇ ದಿನ ಅವನಿಗೆ ಕೂಲಿ ತಪ್ಪುತ್ತದೆ. ಆಮೇಲೆ ಸ್ಪೆಷಲ್ ಕ್ಲಾಸು ಬೇಡ ಅನ್ನುತ್ತಾರೆ. ಆಮೇಲೆ ಶಾಲೆಯೇ ಸಾಕು ಅನ್ನುತ್ತಾರೆ. ಅವರನ್ನು ಬೈದು ಏನು ಬಂತು? ಅವರ ಭಯ ನಿಜವಾದ ಭಯ.

ಗೋಮಾಳ ಖಾಲಿ ಜಾಗವೂ ಅಲ್ಲ. ನೂರು ದನಕ್ಕೆ ಮೂವತ್ತು ಎಕರೆ ಅಂತ ಭೂಕಂದಾಯ ನಿಯಮವೇ ಲೆಕ್ಕ ಇಟ್ಟಿದೆ. ಕುರಿ, ಹಸು ನಂಬಿದ ಮನೆಗಳಿಗೆ ಅದೇ ಆಧಾರ. ಅದು ಬೇಡವೆಂದರೆ ಬತ್ತಿದ ಕೆರೆ ಅಂಗಳದ ಮೇಲೆ ಕಣ್ಣು ಬೀಳುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದದ್ದನ್ನು ನೋಡಿದ ಮೇಲೂ ಆ ಮಾತು ಆಡಬಾರದು. ಇನ್ನು ನೀರು. ಊರಾಚೆ ನಗರಸಭೆಯ ನಲ್ಲಿ ಇರುವುದಿಲ್ಲ, ಬೋರ್‌ವೆಲ್ಲೇ ಗತಿ. ನಮ್ಮ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಶುದ್ಧ ಮಾಡುವ ಘಟಕ ಕೆಟ್ಟ ದಿನ ಮಕ್ಕಳು ಅದನ್ನೇ ಕುಡಿಯಬೇಕು.

ಹಾಗಾದರೆ ಎಲ್ಲಿ? ಪಟ್ಟಣದೊಳಗಿನ ಹಿರಿಯ ಪ್ರಾಥಮಿಕ ಶಾಲೆಗಳನ್ನು ಮೊದಲು ನೋಡಿ. ಕಾನ್ವೆಂಟುಗಳು ಬಂದ ಮೇಲೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ ಕೊಠಡಿಗಳು ಬೀಗ ಹಾಕಿಕೊಂಡಿವೆ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದನ್ನು ಆರಿಸಿ ಹೈಸ್ಕೂಲಾಗಿ ಉನ್ನತೀಕರಿಸಬಹುದು. ಬುನಾದಿ ತಡೆದರೆ ಮೇಲೊಂದು ಅಂತಸ್ತು ಹಾಕಬಹುದು. ಮೈದಾನ ಚಿಕ್ಕದಾಗುತ್ತದೆ, ಒಪ್ಪುತ್ತೇನೆ. ಅದು ಸಣ್ಣ ನಷ್ಟವಲ್ಲ. ವಾರಕ್ಕೆರಡು ದಿನ ತಾಲ್ಲೂಕು ಕ್ರೀಡಾಂಗಣಕ್ಕೆ ಕರೆದೊಯ್ದರೆ ಅರ್ಧವಾದರೂ ತುಂಬೀತು. ಶಾಲೆ ಬಿಟ್ಟ ಹುಡುಗಿಯನ್ನು ಹೀಗೆ ತುಂಬಿಕೊಡಲು ಆಗುವುದಿಲ್ಲ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪ್ರತಿ ಮಗುವಿನ ಊರಿನ ಹೆಸರಿದೆ. ಯಾವ ರಸ್ತೆಯಿಂದ ಎಷ್ಟು ಮಕ್ಕಳು, ಎಷ್ಟು ಹುಡುಗಿಯರು, ಅವರ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಒಂದು ಹಾಳೆಯಲ್ಲಿ ಇಳಿಸಿದರೆ ಅರ್ಧ ದಿನದ ಕೆಲಸ. ಗೋಮಾಳ ಅಳೆಯಲು ಸರ್ವೇಯರನ್ನು ಕಳಿಸುವ ಮೊದಲು ಆ ಹಾಳೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮೇಜಿನ ಮೇಲೆ ಬರಲಿ.